ಕೆಲಸದ ಸುದ್ದಿ ಪಾಲಿಕೆಯ ಕಡತದಲ್ಲಿದೆ: ಕಟ್ಟಡ ಕೆಲಸದವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಮತ್ತು ಕರ್ನಾಟಕದ ಉಳಿದೆಲ್ಲ ಊರುಗಳ ಮೇಸ್ತ್ರಿಗಳಿಗೆ, ಸಣ್ಣ ಕಂಟ್ರಾಕ್ಟರುಗಳಿಗೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ವೈರಿಂಗ್, ಪ್ಲಂಬಿಂಗ್, ಟೈಲ್ಸ್, ಪೇಂಟಿಂಗ್, ಮರಗೆಲಸದ ತಂಡ ಕಟ್ಟಿಕೊಂಡು ದುಡಿಯುವ ಎಲ್ಲರಿಗೆ,



ಮನೆಗಳ ನಕ್ಷೆ ಬರೆದು ಮಂಜೂರು ಮಾಡಿಸಿಕೊಡುವುದು ನನ್ನ ಕಸುಬು. ಒಂದು ನಿವೇಶನದಲ್ಲಿ ಕಟ್ಟಡ ಏಳುತ್ತದೆ ಎಂಬ ಸುದ್ದಿ ನನ್ನಂಥವರಿಗೆ ಗೊತ್ತಾಗಿ ಎಷ್ಟೋ ತಿಂಗಳ ಮೇಲೆ ನಿಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಮಾಲೀಕರು ಯಾರಿಗೋ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ನಿಮಗೆ ಸಿಗುವುದು ಆ ಯಾರೋ ಒಬ್ಬರ ಕೈಕೆಳಗಿನ ಪೀಸ್ ವರ್ಕ್. ಈ ಅಂತರ ಸರಿಯಲ್ಲ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಅದಕ್ಕೇ ಈ ಪತ್ರ.

ಇವತ್ತು ಕೆಲಸದ ಸುದ್ದಿ ನಿಮಗೆ ಹೇಗೆ ಬರುತ್ತದೆ ಎಂದು ನಿಮಗೇ ಗೊತ್ತು. ಸಿಮೆಂಟ್ ಅಂಗಡಿಯವರು ಹೇಳುತ್ತಾರೆ, ಹಾರ್ಡ್‌ವೇರ್ ಅಂಗಡಿಯವರು ಹೇಳುತ್ತಾರೆ, ಪಕ್ಕದ ಸೈಟಿನ ವಾಚ್‌ಮನ್ ಹೇಳುತ್ತಾರೆ, ಊರಿನ ಕಡೆಯ ಸಂಬಂಧಿಕರೊಬ್ಬರು ಫೋನ್ ಮಾಡುತ್ತಾರೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ, ಕಸುಬು ಬೆಳೆದು ಬಂದದ್ದೇ ಹೀಗೆ. ಆದರೆ ನಡುವೆ ನಿಂತವರು ಚದರಕ್ಕೆ ಇಷ್ಟು ಎಂದು ತೆಗೆದುಕೊಳ್ಳತೊಡಗಿದಾಗ ಆ ಹಣ ಹೋಗುವುದು ನಿಮ್ಮ ಆಳುಗಳ ಕೂಲಿಯಿಂದ. ಹೊಸದಾಗಿ ತಂಡ ಕಟ್ಟಿದ ಹುಡುಗರಿಗೆ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲದವರಿಗೆ, ಕೈಯಲ್ಲಿ ಎಷ್ಟೇ ಕಸುಬಿದ್ದರೂ ಬೆಳಗ್ಗೆ ಸರ್ಕಲ್ಲಿನಲ್ಲಿ ನಿಂತು ಕಾಯುವುದು ತಪ್ಪುವುದಿಲ್ಲ.

ಆದರೆ ನೆಲಕ್ಕೆ ಗುದ್ದಲಿ ಬೀಳುವ ಮೊದಲೇ ಪ್ರತಿ ಸಕ್ರಮ ಕಟ್ಟಡವೂ ಒಂದು ಸರ್ಕಾರಿ ಕಡತದಲ್ಲಿ ಹುಟ್ಟುತ್ತದೆ. ನಗರದಲ್ಲಿ ಪಾಲಿಕೆ, ಪುರಸಭೆ, ಯೋಜನಾ ಪ್ರಾಧಿಕಾರ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಕಟ್ಟಡದ ಅನುಮತಿಯನ್ನು ಪಂಚಾಯಿತಿಯ ಕೈಗೇ ಕೊಟ್ಟಿದೆ. ಆ ಕಡತದಲ್ಲಿ ನಿವೇಶನ ಎಲ್ಲಿದೆ, ಎಷ್ಟು ಮಹಡಿ, ಎಷ್ಟು ವಿಸ್ತೀರ್ಣ, ವಾಸಕ್ಕೋ ವ್ಯಾಪಾರಕ್ಕೋ, ನಕ್ಷೆ ಬರೆದ ಎಂಜಿನಿಯರ್ ಯಾರು, ಮಂಜೂರಾದ ದಿನಾಂಕ ಯಾವುದು ಎಲ್ಲವೂ ಇರುತ್ತದೆ. ನೀವು ನಾಲ್ಕು ಜನರನ್ನು ವಿಚಾರಿಸಿ ತಿಳಿದುಕೊಳ್ಳುವುದಕ್ಕಿಂತ ಹೆಚ್ಚಿನ ವಿವರ ಒಂದೇ ಹಾಳೆಯಲ್ಲಿ ಸಿಗುತ್ತದೆ.

ಆ ಹಾಳೆ ನೋಡುವ ಹಕ್ಕು ನಿಮಗಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣ, ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ಯಾರೂ ಕೇಳದಿದ್ದರೂ ತಾನಾಗಿಯೇ ಪ್ರಕಟಿಸಬೇಕಾದ ವಿವರಗಳನ್ನು ಪಟ್ಟಿ ಮಾಡುತ್ತದೆ. ಅದರ 1(ಬಿ) ಭಾಗದ ಹದಿಮೂರನೆಯ ಅಂಶ ನೋಡಿ: ಪ್ರಾಧಿಕಾರವು ನೀಡಿದ ರಿಯಾಯಿತಿ, ಪರವಾನಗಿ, ಅಧಿಕಾರಪತ್ರಗಳನ್ನು ಪಡೆದವರ ವಿವರ. ಕಟ್ಟಡದ ಲೈಸೆನ್ಸ್ ಒಂದು ಪರವಾನಗಿಯೇ. ಹಾಗಾಗಿ ವಾರ್ಡುವಾರು ಮಂಜೂರಾತಿ ಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕಾದ್ದು ಕಾನೂನಿನ ಮಾತು. ಅಮೆರಿಕದ ಶಿಕಾಗೊ ನಗರ 2006ರಿಂದೀಚಿನ ಕಟ್ಟಡ ಪರವಾನಗಿಗಳನ್ನು ವಿಳಾಸ, ಕೆಲಸದ ವಿವರ, ಅಂದಾಜು ವೆಚ್ಚ, ಕಂಟ್ರಾಕ್ಟರುಗಳ ಹೆಸರಿನ ಸಮೇತ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಅಲ್ಲಿನ ರೂಫಿಂಗ್‌ನವರು, ಎಲೆಕ್ಟ್ರಿಷಿಯನ್ನರು ಅಂಥ ಪಟ್ಟಿ ನೋಡಿಯೇ ಕೆಲಸ ಹುಡುಕಬಹುದು. ನಮ್ಮಲ್ಲಿಯೂ ನಕ್ಷೆಯ ಅರ್ಜಿಗಳು ಈಗ ಆನ್‌ಲೈನ್ ಆಗಿವೆ, ಅಂದರೆ ಪಟ್ಟಿ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇದೆ.

ದೊಡ್ಡ ಕೆಲಸದಿಂದ ಶುರುಮಾಡೋಣ, ಏಕೆಂದರೆ ಅದು ಈಗಲೇ, ನಿಮ್ಮ ಮೊಬೈಲಿನಲ್ಲೇ ಸಿಗುತ್ತದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆ ಮಾರಾಟಕ್ಕೆ ಇಳಿಯುವ ಮೊದಲು ನೋಂದಣಿ ಆಗಲೇಬೇಕು. ಬಡಾವಣೆಗಳಿಗೂ ನೋಂದಣಿ ಬೇಕು. ಕರ್ನಾಟಕ ರೇರಾದ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿಕೊಂಡು ಯೋಜನೆಗಳನ್ನು ನೋಡಬಹುದು. ಮನೆ ಕೊಳ್ಳುವವರು ಅದನ್ನು ತಮ್ಮ ಭದ್ರತೆಗಾಗಿ ನೋಡುತ್ತಾರೆ. ನೀವು ಬೇರೆ ಕಣ್ಣಿನಿಂದ ನೋಡಿ. ನೋಂದಣಿಯ ಅರ್ಜಿಯಲ್ಲಿ ಕಂಟ್ರಾಕ್ಟರ್, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್ ಇವರ ಹೆಸರು, ವಿಳಾಸ ಕೊಡಬೇಕೆಂದು ಕಾಯ್ದೆಯ 4ನೇ ಪ್ರಕರಣ ಹೇಳುತ್ತದೆ. ಯಾವ ಅನುಮತಿ ಸಿಕ್ಕಿದೆ, ಯಾವುದು ಬಾಕಿ, ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕೆಂದು 11ನೇ ಪ್ರಕರಣ ಹೇಳುತ್ತದೆ. ಇನ್ನೊಂದು ಮಾತು ನಿಮ್ಮ ಬಿಲ್ಲಿಗೆ ಸಂಬಂಧಿಸಿದ್ದು: ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು, ಅದನ್ನು ನಿರ್ಮಾಣ ಮತ್ತು ಜಮೀನಿನ ವೆಚ್ಚಕ್ಕೆ ಮಾತ್ರ ತೆಗೆಯಬೇಕು. ನೋಂದಣಿಯಾದ ಯೋಜನೆಯಲ್ಲಿ ಬಿಲ್ ಎಂದೂ ತಡವಾಗದು ಎಂದು ನಾನು ಹೇಳಲಾರೆ. ಆದರೂ ನೋಂದಣಿಯೇ ಇಲ್ಲದ ಕಡೆಗಿಂತ ಇಲ್ಲಿ ನಿಮ್ಮ ಕಾಲು ಗಟ್ಟಿ ನೆಲದ ಮೇಲಿರುತ್ತದೆ.

20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ನಿರ್ಮಾಣ ವಿಸ್ತೀರ್ಣದ ಕಟ್ಟಡಗಳಿಗೆ ಪರಿಸರ ಅನುಮತಿ ಬೇಕು. ಆ ಅರ್ಜಿಗಳು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಕಾಣುತ್ತವೆ. ಅವು ದೊಡ್ಡ ಕಂಪನಿಗಳ ಕೆಲಸ. ಸಬ್ ಕಂಟ್ರಾಕ್ಟ್ ಹಿಡಿಯುವವರು ನೋಡಿಟ್ಟುಕೊಂಡರೆ ಸಾಕು.

ನಿಮ್ಮಲ್ಲಿ ಹೆಚ್ಚಿನವರ ಅನ್ನ ಇರುವುದು ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟುಗಳಲ್ಲಿ. ಅವು ರೇರಾದಲ್ಲಿ ಬರುವುದಿಲ್ಲ. ಅಲ್ಲಿಗೆ ಪಾಲಿಕೆಯ ಪಟ್ಟಿಯೇ ಬೇಕು. ಅದು ಪ್ರಕಟವಾಗಿಲ್ಲದ ಕಡೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, ಸುಮಾರು 150 ಪದಗಳ ಒಳಗೆ ಇರಬೇಕು. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಬಹುದು. ಅರ್ಜಿಯಲ್ಲಿ ಇಷ್ಟು ಬರೆದರೆ ಸಾಕು: ಕಳೆದ ಮೂರು ತಿಂಗಳಲ್ಲಿ ಇಂಥ ವಾರ್ಡಿನಲ್ಲಿ ಮಂಜೂರಾದ ಕಟ್ಟಡ ನಕ್ಷೆಗಳ ಪಟ್ಟಿ, ಅದರಲ್ಲಿ ಲೈಸೆನ್ಸ್ ಸಂಖ್ಯೆ, ದಿನಾಂಕ, ನಿವೇಶನದ ವಿಳಾಸ, ಮಹಡಿಗಳ ಸಂಖ್ಯೆ, ನಿರ್ಮಾಣದ ವಿಸ್ತೀರ್ಣ, ನಕ್ಷೆ ಸಲ್ಲಿಸಿದ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಹೆಸರು. ಮಾಲೀಕರ ಫೋನ್ ನಂಬರ್ ಕೇಳಬೇಡಿ. ಅದು ಅವರ ಖಾಸಗಿ ವಿಷಯ, ಮೇಲಾಗಿ ಅದೊಂದೇ ಕಾರಣಕ್ಕೆ ಇಡೀ ಅರ್ಜಿ ತಿರಸ್ಕಾರವಾಗುವ ಸಂಭವವೂ ಇದೆ. ನಕ್ಷೆಯ ಪ್ರತಿಯೂ ನಿಮಗೆ ಈಗ ಬೇಕಾಗಿಲ್ಲ. ಪಟ್ಟಿ ಸಾಕು. ಪಟ್ಟಿ ತೆಗೆಸಿಕೊಡುತ್ತೇನೆ ಎಂದು ಕಚೇರಿಯ ಕಾರಿಡಾರಿನಲ್ಲಿ ಹಣ ಕೇಳುವವರಿಗೆ ಒಂದು ಕಾಸೂ ಕೊಡಬೇಡಿ.

ಪಟ್ಟಿ ಕೈಗೆ ಬಂದ ಮೇಲಿನ ವಿಷಯ ಹೆಚ್ಚು ಮುಖ್ಯ, ಅದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಎಲ್ಲರೂ ಹೊಸ ಮಂಜೂರಾತಿಯ ಹಿಂದೆ ಓಡಬೇಕಾಗಿಲ್ಲ. ಮಂಜೂರಾತಿಯ ದಿನಾಂಕ ಒಂದೇ, ಆದರೆ ಒಬ್ಬೊಬ್ಬರಿಗೆ ಅದರ ಅರ್ಥ ಒಂದೊಂದು. ಬೋರ್‌ವೆಲ್, ಜೆಸಿಬಿ, ಶೆಡ್ ಹಾಕುವವರು, ಪಾಯ ತೆಗೆಯುವವರು, ಬಾರ್ ಬೆಂಡಿಂಗ್ ಮತ್ತು ಸೆಂಟ್ರಿಂಗ್ ತಂಡದವರು ಆ ತಿಂಗಳಿನ ಪಟ್ಟಿಯನ್ನೇ ನೋಡಬೇಕು. ಎಲೆಕ್ಟ್ರಿಷಿಯನ್ನರು ಗಾರೆ ಕೆಲಸ ಶುರುವಾದ ಮೇಲೆ ಹೋದರಾಯಿತು ಎಂದುಕೊಂಡರೆ ತಡವಾಯಿತು; ಮೋಲ್ಡ್ ಹಾಕುವ ಮೊದಲೇ ಸ್ಲ್ಯಾಬಿನೊಳಗೆ ಪೈಪ್, ಫ್ಯಾನ್ ಬಾಕ್ಸ್ ಕೂರಿಸಬೇಕಲ್ಲ. ಲಿಫ್ಟ್ ಮಾರುವವರಂತೂ ನಕ್ಷೆಯ ಹಂತದಲ್ಲೇ ಮಾತಾಡಬೇಕು, ಗುಂಡಿಯ ಆಳ ಮತ್ತು ಡಕ್ಟಿನ ಅಳತೆ ತಪ್ಪಿದರೆ ಆಮೇಲೆ ಕಾಂಕ್ರೀಟ್ ಒಡೆಯುವುದೊಂದೇ ದಾರಿ.

ಕಿಟಕಿ ಮಾಡುವವರು, ಟೈಲ್ಸ್ ಹಾಕುವವರು, ಪೇಂಟರುಗಳು, ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಮರಗೆಲಸದವರು ಹಳೆಯ ಪಟ್ಟಿ ತೆಗೆಯಬೇಕು. ಆರು ತಿಂಗಳು, ಎಂಟು ತಿಂಗಳು, ಒಂದು ವರ್ಷ ಹಿಂದಿನ ಮಂಜೂರಾತಿಗಳು ಬೇರೆಯವರಿಗೆ ಮುಗಿದ ಕಥೆ, ನಿಮಗೆ ಈಗ ತಾನೇ ಹಣ್ಣಾದ ಕೆಲಸ. ಮಾಹಿತಿ ಹಕ್ಕಿನಲ್ಲಿ ಉತ್ತರ ಬರಲು ತಿಂಗಳು ಹಿಡಿದರೂ ನಿಮಗೆ ನಷ್ಟವಿಲ್ಲ. ಸೊಳ್ಳೆ ಪರದೆ, ಪರದೆ ರಾಡು, ಸೋಲಾರ್ ಹಾಕುವವರಿಗೆ ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಸಿಕ್ಕ ಕಟ್ಟಡಗಳ ಪಟ್ಟಿ ಇನ್ನೂ ಉಪಯುಕ್ತ. ರಸ್ತೆ, ಚರಂಡಿ, ಒಳಚರಂಡಿ ಕೆಲಸದವರಿಗೆ ಕಟ್ಟಡದ ಲೈಸೆನ್ಸಿಗಿಂತ ಹಿಂದಿನ ಹಂತ ಮುಖ್ಯ: ಜಮೀನಿನ ಭೂಪರಿವರ್ತನೆ ಆದೇಶ ಮತ್ತು ಯೋಜನಾ ಪ್ರಾಧಿಕಾರದ ಬಡಾವಣೆ ಅನುಮೋದನೆ.

ಇದರ ಜೊತೆಗೆ ನಮ್ಮ ಪಂಚಾಂಗವನ್ನೂ ಇಟ್ಟುಕೊಳ್ಳಿ. ಆಷಾಢದಲ್ಲಿ ಗುದ್ದಲಿ ಪೂಜೆ ಮಾಡುವ ಮನೆಗಳು ಕಡಿಮೆ, ಧನುರ್ಮಾಸದಲ್ಲೂ ಹಾಗೆಯೇ. ಆಷಾಢಕ್ಕೆ ಮುಂಚೆ ಮಂಜೂರಾಗಿಯೂ ಶುರುವಾಗದ ಕಟ್ಟಡಗಳು ಶ್ರಾವಣದಲ್ಲಿ ಒಟ್ಟಿಗೆ ಏಳುತ್ತವೆ. ಡಿಸೆಂಬರಿನಲ್ಲಿ ನಿಂತವು ಸಂಕ್ರಾಂತಿ ಕಳೆದ ಮೇಲೆ. ಆ ಸುಮ್ಮನಿರುವ ತಿಂಗಳುಗಳೇ ನೀವು ಮಾಲೀಕರನ್ನು ಮಾತಾಡಿಸಬೇಕಾದ ಕಾಲ. ಅವರಿಗೂ ಆಗ ಪುರಸೊತ್ತು ಇರುತ್ತದೆ, ರೇಟು ವಿಚಾರಿಸುತ್ತಿರುತ್ತಾರೆ. ಮಂಜೂರಾದ ಎಲ್ಲ ನಕ್ಷೆಯೂ ಕಟ್ಟಡವಾಗುವುದಿಲ್ಲ ಎಂಬುದೂ ನೆನಪಿರಲಿ. ಸಾಲ ಸಿಗದೆ, ಅಣ್ಣತಮ್ಮಂದಿರ ಜಗಳದಲ್ಲಿ, ಮದುವೆ ಖರ್ಚಿನಲ್ಲಿ ಎಷ್ಟೋ ನಕ್ಷೆಗಳು ಬೀರುವಿನಲ್ಲೇ ಉಳಿಯುತ್ತವೆ. ಆದ್ದರಿಂದ ಪಟ್ಟಿ ಹಿಡಿದು ಒಮ್ಮೆ ಸೈಟಿನ ಮುಂದೆ ಹಾದುಹೋಗಿ. ಗಿಡಗಂಟಿ ತೆಗೆಸಿದ್ದಾರಾ, ಬೋರ್ ಕೊರೆಸಿದ್ದಾರಾ, ತಾತ್ಕಾಲಿಕ ಕರೆಂಟು ಬಂದಿದೆಯಾ? ಕಣ್ಣಿಗೆ ಕಂಡದ್ದನ್ನು ಪಟ್ಟಿಯ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಕಾಲಂ ಯಾವುದು ಎಂದು ಕೇಳಿದರೆ, ಎಂಜಿನಿಯರ್ ಹೆಸರಿನದು ಎನ್ನುತ್ತೇನೆ. ಮಾಲೀಕರು ಜೀವನದಲ್ಲಿ ಒಂದು ಮನೆ ಕಟ್ಟಿಸುತ್ತಾರೆ, ಎರಡು ಕಟ್ಟಿಸಿದರೆ ಹೆಚ್ಚು. ಎಂಜಿನಿಯರ್ ವರ್ಷವಿಡೀ ನಕ್ಷೆ ಸಲ್ಲಿಸುತ್ತಲೇ ಇರುತ್ತಾರೆ. ಬೆಂಗಳೂರಿನಲ್ಲಿ 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ವ್ಯವಸ್ಥೆಯಲ್ಲಂತೂ 50 ಅಡಿ 80 ಅಡಿವರೆಗಿನ ನಿವೇಶನದ ಮನೆಗಳಿಗೆ ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕವೇ ಆನ್‌ಲೈನಿನಲ್ಲಿ ನಕ್ಷೆ ಹೋಗುತ್ತದೆ. ನಿಮ್ಮ ವಾರ್ಡಿನ ಪಟ್ಟಿಯಲ್ಲಿ ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ನೋಡಿ. ಅಂಥ ಮೂರು ನಾಲ್ಕು ಹೆಸರು ಸಿಗುತ್ತವೆ. ಅವರ ಕಚೇರಿಗೆ ಹೋಗಿ, ನೀವು ಮುಗಿಸಿದ ಕೆಲಸದ ಫೋಟೊ ತೋರಿಸಿ, ನೀವು ಕಟ್ಟಿದ ಮನೆಯ ವಿಳಾಸ ಕೊಡಿ. ನಾನು ಆ ಕುರ್ಚಿಯಲ್ಲಿ ಕೂತವನಾಗಿ ಹೇಳುತ್ತೇನೆ: ಒಳ್ಳೆಯ ಬಾರ್ ಬೆಂಡರ್, ಮಾತು ಉಳಿಸಿಕೊಳ್ಳುವ ಮೇಸ್ತ್ರಿ ಬೇಕೆಂದು ಮಾಲೀಕರು ನಮ್ಮನ್ನೇ ಕೇಳುತ್ತಾರೆ. ನಾವು ಹೆಸರು ಹೇಳಬೇಕಾದರೆ ನಿಮ್ಮ ಕೆಲಸ ನಮಗೆ ಗೊತ್ತಿರಬೇಕು.

ರೇಟು ಹೇಳುವಾಗ ಒಂದು ಎಚ್ಚರ. ಲೈಸೆನ್ಸಿನಲ್ಲಿ ಕಾಣುವ ವಿಸ್ತೀರ್ಣ ನೋಡಿ ಚದರದ ಲೆಕ್ಕ ಹಾಕಬೇಡಿ. ಎಫ್‌ಎಆರ್ (ನಿವೇಶನದ ಅಳತೆಗೆ ತಕ್ಕ ನಿರ್ಮಾಣ ಮಿತಿಯ) ಲೆಕ್ಕದಲ್ಲಿ ಪಾರ್ಕಿಂಗ್ ಜಾಗ ಸೇರುವುದಿಲ್ಲ, ಆದರೆ ಅದರ ಮೇಲೂ ನೀವು ಮೋಲ್ಡ್ ಹಾಕುತ್ತೀರಿ. ಬಾಲ್ಕನಿ, ಸಜ್ಜೆ, ಸಂಪು, ಕಾಂಪೌಂಡು ಯಾರ ಲೆಕ್ಕದಲ್ಲಿ ಎಂಬುದನ್ನು ಬರವಣಿಗೆಯಲ್ಲಿ ತನ್ನಿ. ಮಾಲೀಕರು ಗೃಹಸಾಲ ತೆಗೆದವರಾದರೆ ಬ್ಯಾಂಕು ಹಣ ಬಿಡುವುದು ಹಂತಹಂತವಾಗಿ; ನಿಮ್ಮ ಅಗ್ರಿಮೆಂಟಿನ ಕಂತುಗಳೂ ಅದೇ ಹಂತಗಳಿಗೆ ಹೊಂದಿಕೊಳ್ಳುವಂತೆ ಇರಲಿ.

ಇದೇ ಕಡತ ಯಾವ ಕೆಲಸವನ್ನು ಒಪ್ಪಿಕೊಳ್ಳಬಾರದು ಎಂಬುದನ್ನೂ ಹೇಳುತ್ತದೆ. ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ಮಾತು ಇದು. ಮೂರು ಮಹಡಿಗೆ ಲೈಸೆನ್ಸ್ ಇದ್ದು ಐದನೆಯದಕ್ಕೆ ಕಂಬಿ ಎಬ್ಬಿಸಿ ಎನ್ನುವವರಿದ್ದಾರೆ. ಪಾಲಿಕೆ ಕೆಲಸ ನಿಲ್ಲಿಸಿದ ದಿನ ಮಾಲೀಕರು ವಕೀಲರ ಹತ್ತಿರ ಹೋಗುತ್ತಾರೆ, ಮೇಸ್ತ್ರಿಯ ಬಾಕಿ ಅಲ್ಲೇ ನಿಲ್ಲುತ್ತದೆ, ಆಳುಗಳ ಶನಿವಾರದ ಬಟವಾಡೆ ನಿಮ್ಮ ಜೇಬಿನಿಂದ ಹೋಗುತ್ತದೆ. ಹಣ ಹೋದರೆ ಇನ್ನೊಂದು ಕೆಲಸದಲ್ಲಿ ಬಂದೀತು, ಹೋದ ಜೀವ ಬಾರದು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೇ ಕುಸಿಯಿತು. ಅದು ಅಕ್ರಮ ಕಟ್ಟಡ ಎಂದು ಆಮೇಲೆ ಸರ್ಕಾರ ಹೇಳಿತು. ಕೆಳಗೆ ಸಿಕ್ಕಿ ಸತ್ತವರು ನಿಮ್ಮ ಹಾಗೆಯೇ ಕೆಲಸಕ್ಕೆ ಬಂದವರು. ಲೈಸೆನ್ಸ್ ಎಷ್ಟು ಮಹಡಿಗೆ ಎಂದು ಕೇಳುವುದು ಅಧಿಕಾರಿಗಳ ಕೆಲಸ ಮಾತ್ರವಲ್ಲ, ಆ ಸ್ಲ್ಯಾಬಿನ ಕೆಳಗೆ ನಿಲ್ಲುವವರ ಹಕ್ಕು ಕೂಡ.

ಕೇಳುವುದಕ್ಕೆ ಈಗ ಸುಪ್ರೀಂ ಕೋರ್ಟಿನ ಬಲವೂ ಇದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದು, ಕೆಲಸ ನಡೆಯುವಷ್ಟು ಕಾಲವೂ ಮಂಜೂರಾದ ನಕ್ಷೆಯ ಪ್ರತಿಯನ್ನು ಸೈಟಿನಲ್ಲಿ ಪ್ರದರ್ಶಿಸಬೇಕು ಎಂದಿತು. ಕರೆಂಟು, ನೀರಿನ ಸಂಪರ್ಕ ಕೊಡುವ ಮೊದಲು ಓಸಿ ಅಥವಾ ಕೆಲಸ ಮುಗಿದ ಪ್ರಮಾಣಪತ್ರ ನೋಡಬೇಕು ಎಂದೂ ಹೇಳಿತು. ಹೊಸ ಸೈಟಿಗೆ ಮಾತುಕತೆಗೆ ಹೋದಾಗ ನಕ್ಷೆ ಎಲ್ಲಿ ಹಾಕಿದ್ದೀರಿ ಎಂದು ವಿನಯದಿಂದಲೇ ಕೇಳಿ. ತೋರಿಸಲು ಒಪ್ಪದವರ ಕೆಲಸ ಬಿಟ್ಟುಬಿಡಿ.

ನಿಮ್ಮ ಆಳುಗಳಿಗೂ ಈ ದಾಖಲೆಗೂ ನೇರ ಸಂಬಂಧವಿದೆ. ನಕ್ಷೆ ಮಂಜೂರು ಮಾಡುವಾಗಲೇ ನಿರ್ಮಾಣ ವೆಚ್ಚದ ಶೇ. 1 ಸೆಸ್ ಕಟ್ಟಿಸಿಕೊಳ್ಳುವ ಕ್ರಮವಿದೆ. ಆ ಹಣ ಹೋಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅಲ್ಲಿ ನೋಂದಾಯಿಸಿಕೊಳ್ಳಬಹುದು. 90 ದಿನದ ಪ್ರಮಾಣಪತ್ರ ಬೇಕಾದಾಗ ಲೈಸೆನ್ಸ್ ಸಂಖ್ಯೆ, ಸೈಟಿನ ವಿಳಾಸ ನಿಮ್ಮ ಪುಸ್ತಕದಲ್ಲಿದ್ದರೆ ನಿಮ್ಮ ಆಳುಗಳು ಯಾರ ಬಾಗಿಲಿಗೂ ಅಲೆಯಬೇಕಾಗಿಲ್ಲ.

ಇನ್ನೊಂದು ವಿಷಯ ಕಟುವಾಗಿಯೇ ಹೇಳಬೇಕು. ಮಂಜೂರಾತಿ ದಾಖಲೆ ಹಿಡಿದು, ಸೆಟ್‌ಬ್ಯಾಕ್ ಬಿಟ್ಟಿಲ್ಲ, ದೂರು ಕೊಡುತ್ತೇವೆ ಎಂದು ಮಾಲೀಕರನ್ನು ಹೆದರಿಸಿ ವಸೂಲಿ ಮಾಡುವವರು ನಮ್ಮ ಊರುಗಳಲ್ಲಿದ್ದಾರೆ. ಅವರಿಂದಾಗಿ ಪಟ್ಟಿ ಕೇಳಿದವರನ್ನೆಲ್ಲ ಅಧಿಕಾರಿಗಳು ಅನುಮಾನದಿಂದ ನೋಡುತ್ತಾರೆ. ನಿಮ್ಮ ತಂಡದ ಯಾರೂ ಆ ದಾರಿಗೆ ಹೋಗಬಾರದು. ಮಾಲೀಕರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುವುದು, ಬೇಡ ಎಂದ ಮೇಲೂ ಬೆನ್ನು ಬೀಳುವುದು ಬೇಡ. ಸೈಟಿನಲ್ಲಿ ಸಿಕ್ಕಾಗ ಹೆಸರು ಹೇಳಿ, ಈ ಬೀದಿಯಲ್ಲಿ ನೀವು ಕಟ್ಟಿದ ಮನೆ ತೋರಿಸಿ, ಕಾರ್ಡು ಕೊಟ್ಟು ಬನ್ನಿ. ಬೇಕಾದವರು ಕರೆಯುತ್ತಾರೆ.

ಒಬ್ಬೊಬ್ಬರೇ ಅರ್ಜಿ ಹಾಕುವುದಕ್ಕಿಂತ ಸಂಘವಾಗಿ ಹಾಕುವುದು ಮೇಲು. ಒಂದು ಬಡಾವಣೆಯ ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರ್ ಸೇರಿದರೆ ಒಂದೇ ಪಟ್ಟಿ ನಾಲ್ವರಿಗೂ ಆಗುತ್ತದೆ, ಒಬ್ಬರಿಗೆ ಸಿಕ್ಕ ಸೈಟಿನಲ್ಲಿ ಉಳಿದವರಿಗೂ ದಾರಿಯಾಗುತ್ತದೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಒಂದು ಪಾಲಿಕೆಯ ಬದಲು ಐದು ಇವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಐದಕ್ಕೂ ಒಂದೇ ಮನವಿ ಹೋಗಲಿ. ಪ್ರತಿ ತಿಂಗಳೂ ವಾರ್ಡುವಾರು ಮಂಜೂರಾತಿ ಪಟ್ಟಿಯನ್ನು ಕನ್ನಡದಲ್ಲಿ, ಮಾಲೀಕರ ಫೋನ್ ನಂಬರಿಲ್ಲದೆ, ಜಾಲತಾಣದಲ್ಲೂ ವಾರ್ಡ್ ಕಚೇರಿಯ ಫಲಕದಲ್ಲೂ ಹಾಕಿ ಎಂದು. ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿಯವರು ತಮ್ಮ ತಮ್ಮ ಪಾಲಿಕೆಗೆ ಬರೆಯಲಿ. ಅರ್ಜಿ ಬರೆಯಲು ಕಷ್ಟವಾದರೆ ನಿಮಗೆ ಗೊತ್ತಿರುವ ಯಾವುದೇ ಎಂಜಿನಿಯರನ್ನು ಕೇಳಿ, ಬರೆದುಕೊಡುತ್ತಾರೆ. ಕೊಡಬೇಕು ಎಂದು ನನ್ನ ಸಹೋದ್ಯೋಗಿಗಳಲ್ಲೂ ಈ ಪತ್ರದ ಮೂಲಕವೇ ಕೇಳಿಕೊಳ್ಳುತ್ತೇನೆ. ಮೊದಲ ಅರ್ಜಿ ನಿಮ್ಮದೇ ವಾರ್ಡಿನದಾಗಿರಲಿ, ಈ ವಾರವೇ ಹೋಗಲಿ.

ಇಂತಿ ನಿಮ್ಮವ,
ನಕ್ಷೆ ಬರೆಯುವ ಒಬ್ಬ ಸಿವಿಲ್ ಎಂಜಿನಿಯರ್